ಇನ್ನೂರ ಎಂಬತ್ತೆಂಟನೆಯ ಪುಟದ ನಂತರ

ನಾನು ಅನುಭವಿ ಪ್ರಾಧ್ಯಾಪಕ. ಇದು ನನ್ನ ಜಂಬವಲ್ಲ, ನಾನು ಬರೆದ ಗೈಡಿನ ರಟ್ಟಿನ ಮೇಲೆಯೇ ಅಚ್ಚಾಗಿದೆ: ‘ಒಬ್ಬ ಅನುಭವಿ ಪ್ರಾಧ್ಯಾಪಕರಿಂದ’. ಅಲ್ಲಿ ಚಕ್ರಪಾಣಿ ಎಂಬ ನನ್ನ ಹೆಸರಿಲ್ಲ. ಕಾಲೇಜಿನ ಮೇಷ್ಟ್ರುಗಳು ಗೈಡು ಬರೆಯಬಾರದೆಂಬ ನಿಯಮವಿತ್ತು, ಅದಕ್ಕೇ. ಆಗಿನ್ನೂ ಎಂಬತ್ತಾರನೇ ಇಸವಿ. ವಿಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು ಆರು ವರ್ಷವಾಗಿತ್ತು, ನನ್ನ ಅನುಭವವೆಂದರೆ ಅಷ್ಟೇ.

ಆ ವರ್ಷ ಕೊನೆಯ ಬಿ.ಎ.ಗೆ ಅಮೆರಿಕದ ಒಂದು ಹಳೆಯ ಕಾದಂಬರಿಯನ್ನು ಪಠ್ಯವಾಗಿ ಇಟ್ಟಿದ್ದರು. ಅದರ ನಾಯಕ ಪೆಲ್ ಎಂಬುವನು. ಬರಿಗಾಲಿನ ಬಡ ಹುಡುಗ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಿಂದ ಗರಗಸದಲ್ಲಿ ಐಸು ಕೊಯ್ದು, ಹುಲ್ಲಿನಲ್ಲಿ ಮುಚ್ಚಿಟ್ಟು, ಬೇಸಿಗೆಯಲ್ಲಿ ಊರಿಗೆಲ್ಲ ಮಾರಿ ಹದಿನೇಳು ಕೋಣೆಯ ಮನೆ ಕಟ್ಟುತ್ತಾನೆ. ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದು ಎಂಬ ಅಮೆರಿಕದವರ ಕನಸಿಗೆ ಅವನೇ ಸಾಕ್ಷಿ ಎಂದು ಊರು ಕೊಂಡಾಡುತ್ತದೆ. ಆದರೆ ಆ ಕೆರೆಗೆ ಚರ್ಮ ಹದಮಾಡುವ ಕಾರ್ಖಾನೆಯ ಕೊಳಕು ನೀರು ಸೇರುತ್ತಿದೆ. ಅದು ಪೆಲ್‌ಗೆ ಗೊತ್ತು. ಆ ಐಸಿನಿಂದ ಕೂಲಿಯವರ ಕೇರಿಯಲ್ಲಿ ಮಕ್ಕಳು ಜ್ವರ ಬಂದು ಸಾಯುತ್ತಾರೆ. ಅವನು ಬಾಯಿ ಬಿಡುವುದಿಲ್ಲ. ಒಂದು ದಿನ ಊರಿನ ಡಾಕ್ಟರು ಬಂದು ಅವನ ಮನೆಯ ಬಾಗಿಲು ತಟ್ಟುತ್ತಾರೆ. ಪೆಲ್ ಎದ್ದು ಬಾಗಿಲಿನ ಕಡೆ ಹೋಗುತ್ತಾನೆ.

ಇದು ಇನ್ನೂರ ಎಂಬತ್ತೆಂಟನೆಯ ಪುಟ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನಾನು ಕೊಂಡ ಪ್ರತಿಯಲ್ಲಿ ಅದರಾಚೆ ಪುಟಗಳೇ ಇರಲಿಲ್ಲ, ಬರೀ ಹೊಲಿಗೆಯ ದಾರ ಜೋತಾಡುತ್ತಿತ್ತು. ಪ್ರಕಾಶಕ ನಾಲ್ಕು ದಿನದಲ್ಲಿ ಗೈಡು ಬೇಕೆಂದು ಕುತ್ತಿಗೆಯ ಮೇಲೆ ಕೂತಿದ್ದ. ಇನ್ನೊಂದು ಪ್ರತಿ ಹುಡುಕಬಹುದಿತ್ತು, ಹುಡುಕಲಿಲ್ಲ. ಇಷ್ಟು ಪಾಪ ಮಾಡಿದವನು ಮುಂದೇನು ಮಾಡುತ್ತಾನೆ ಎಂದು ಯಾರಾದರೂ ಹೇಳಬಹುದಲ್ಲ ಎಂದುಕೊಂಡು ನಾನೇ ಬರೆದುಬಿಟ್ಟೆ. ಪೆಲ್ ಡಾಕ್ಟರ ಕಾಲಿಗೆ ಬೀಳುತ್ತಾನೆ. ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಾನೆ. ಹದಿನೇಳು ಕೋಣೆಯ ಮನೆಯನ್ನು ಆಸ್ಪತ್ರೆಗೆ ಬರೆದುಕೊಟ್ಟು ಬರಿಗಾಲಲ್ಲಿ ಹೊರಟುಹೋಗುತ್ತಾನೆ. ‘ಅವನ ಕಣ್ಣಲ್ಲಿ ಆಳವಾದ ಪಶ್ಚಾತ್ತಾಪದ ಕಣ್ಣೀರಿತ್ತು’ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ, ಹೇಳಲು ನಾಚಿಕೆಯಾಗುತ್ತದೆ, ನನ್ನ ಕಣ್ಣೂ ಒದ್ದೆಯಾಯಿತು.

ಗೈಡು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಅದರ ದುಡ್ಡಿನಲ್ಲಿ ಮನೆಗೆ ಫ್ರಿಡ್ಜ್ ಬಂತು, ನಮ್ಮ ಬೀದಿಗೇ ಮೊದಲನೆಯದು. ನನ್ನ ಹೆಂಡತಿ ಪ್ರಭಾ ಅದಕ್ಕೆ ಕುಂಕುಮ ಇಟ್ಟು, ಹೂ ಮುಡಿಸಿ, ಅಕ್ಕಪಕ್ಕದವರಿಗೆಲ್ಲ ಐಸು ಹಂಚಿದಳು.

ಸಂಜೆ ಕಾಲೇಜಿಗೆ ಬರುವವರೆಲ್ಲ ಹಗಲು ದುಡಿದು ಬರುವವರು. ಒಂದು ದಿನ ಪೆಲ್‌ನ ದುರಾಸೆಯನ್ನು ನಾನು ಬಣ್ಣಿಸುತ್ತಿದ್ದಾಗ ಹೇರೋಹಳ್ಳಿಯ ಮುನಿಯಪ್ಪ ಎದ್ದು ನಿಂತ. ಅವರಪ್ಪ ರಾಗಿ ಹೊಲವನ್ನು ಸೈಟು ಮಾಡಿ ಮಾರುತ್ತಿದ್ದರು.

“ಸಾರ್, ಬರಿಗಾಲಲ್ಲಿದ್ದೋನು ದೊಡ್ಡ ಮನೆ ಕಟ್ಟುದ್ರೆ ತಪ್ಪೇನ್ ಸಾರ್? ನಮ್ಮೂರಲ್ಲಿ ಎಲ್ರೂ ಅದನ್ನೇ ಮಾಡ್ತಾವ್ರೆ.”

ತರಗತಿ ಗೊಳ್ಳೆಂದಿತು. ಮುಂದಿನ ಬೆಂಚಿನಿಂದ ಬಸವರಾಜೇಶ್ವರಿ ಹೇಳಿದಳು: “ಮನೆ ಕಟ್ಟಿದ್ದು ತಪ್ಪಲ್ಲ. ಗೊತ್ತಿದ್ದೂ ಸುಮ್ನಿದ್ದಿದ್ದು ತಪ್ಪು.”

ಈ ಹುಡುಗಿ ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಹಂಗಾಮಿ ಟೈಪಿಸ್ಟು. ದಾವಣಗೆರೆಯ ಕಡೆಯವರು, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ. ತಂದೆಯಿಲ್ಲ, ತಾಯಿ ಮತ್ತು ಇಬ್ಬರು ತಂಗಿಯರು ಅವಳ ಸಂಬಳವನ್ನೇ ನಂಬಿದ್ದರು. ಉತ್ತರದ ಪ್ರತಿ ತಲೆಬರಹದ ಕೆಳಗೆ ಗೆರೆ ಎಳೆದು, ಗೆರೆಯ ಎರಡು ತುದಿಗೂ ಒಂದೊಂದು ಚುಕ್ಕೆ ಇಡುವುದು ಅವಳ ಅಭ್ಯಾಸ. ಆ ದಿನ ತರಗತಿ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದಳು.

“ಸಾರ್, ನಮ್ಮನೆ ಹತ್ರ ಶಂಭುಲಿಂಗಪ್ಪನವರ ಲೈಬ್ರರೀಲಿ ಈ ಪುಸ್ತಕ ಇದೆ. ನಿಮ್ಗೆ ಬೇಕಿದ್ರೆ ತಂದ್ಕೊಡ್ಲಾ?”

“ಬೇಡಮ್ಮ. ಪರೀಕ್ಷೆಗೆ ಗೈಡ್ ಸಾಕು.”

ಮಾರ್ಚಿನಲ್ಲಿ ಮತ್ತೊಮ್ಮೆ ಬಂದಳು, ಮುಖವೆಲ್ಲ ನಗು. ಬ್ಯಾಂಕಿನ ಕೆಲಸಕ್ಕೆ ಆಯ್ಕೆಯಾಗಿದ್ದಳು. ಜುಲೈ ಮುಗಿಯುವುದರೊಳಗೆ ಡಿಗ್ರಿ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಬೇಕು, ಅಷ್ಟೇ. “ಇಂಗ್ಲಿಷ್ ಒಂದೇ ಭಯ ಸಾರ್,” ಎಂದಳು. “ಭಯ ಯಾಕೆ, ನಾನಿಲ್ವೇ?” ಎಂದೆ. ಹಾಗೆ ಹೇಳಿದ್ದು ಈಗಲೂ ನೆನಪಿದೆ.

ಮೇ ತಿಂಗಳಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ದೊಡ್ಡ ಹಾಲಿನಲ್ಲಿ ನಲವತ್ತು ಮೇಷ್ಟ್ರುಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಹನ್ನೊಂದು ಗಂಟೆಗೆ ಒಂದು ಲೋಟ ಕಾಫಿ. ನಮ್ಮ ಮುಖ್ಯ ಪರೀಕ್ಷಕರು ಪಂಚಾಕ್ಷರಿ. ಅವರು ಸೈಕ್ಲೋಸ್ಟೈಲ್ ಮಾಡಿಸಿದ ಸ್ಕೀಮನ್ನು, ಅಂದರೆ ಯಾವ ಉತ್ತರಕ್ಕೆ ಎಷ್ಟು ಅಂಕವೆಂಬ ಹಾಳೆಯನ್ನು, ಎಲ್ಲರಿಗೂ ಹಂಚಿದರು. ಹದಿನಾರು ಅಂಕದ ದೊಡ್ಡ ಪ್ರಶ್ನೆ ಇದು: ‘ಸಂಪತ್ತಿನ ಕನಸನ್ನು ಈ ಕಾದಂಬರಿ ಹೇಗೆ ವಿಮರ್ಶಿಸುತ್ತದೆ? ಅದರ ಕೊನೆಯನ್ನು ಆಧರಿಸಿ ಚರ್ಚಿಸಿ.’ ಕೆಳಗೆ ಇರಬೇಕಾದ ಅಂಶಗಳು: ಕಾಲಿಗೆ ಬೀಳುವುದು, ಚರ್ಚು, ಆಸ್ಪತ್ರೆ, ಬರಿಗಾಲು. ಕೊನೆಯಲ್ಲಿ ‘ಆಳವಾದ ಪಶ್ಚಾತ್ತಾಪದ ಕಣ್ಣೀರು’.

ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ನನ್ನ ವಾಕ್ಯವೇ ಮೇಲಿನಿಂದ ಆಜ್ಞೆಯಾಗಿ ಇಳಿದು ಬಂದಿತ್ತು. ಪಂಚಾಕ್ಷರಿಯವರೂ ಪುಸ್ತಕ ಓದಿರಲಿಲ್ಲ ಎಂದಾಯಿತು. ಅಥವಾ ಓದಿದ್ದು, ನಿಜವಾಗಿಯೂ ಕೊನೆ ಹಾಗೆಯೇ ಇದ್ದಿರಬಹುದೇ? ನಾನು ಸುಮ್ಮನೆ ಊಹಿಸಿದ್ದು ಸರಿಯಾಗಿಬಿಟ್ಟಿದೆಯೇ? ಹಾಗಂದುಕೊಂಡು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ.

ಎರಡು ದಿನ ಪೆಲ್ ಒಂದೇ ಸಮನೆ ಅತ್ತ. ಪ್ರತಿ ಪೇಪರಿನಲ್ಲೂ ಕಾಲಿಗೆ ಬಿದ್ದ, ಪ್ರತಿ ಪೇಪರಿನಲ್ಲೂ ಮನೆ ಬರೆದುಕೊಟ್ಟ. ಮೂರನೆಯ ದಿನ ಒಂದು ಪೇಪರಿನಲ್ಲಿ ಅವನು ಅಳಲಿಲ್ಲ.

ಅದರಲ್ಲಿ ಹೀಗಿತ್ತು. ಡಾಕ್ಟರು ಬಂದಿದ್ದು ಬಯ್ಯುವುದಕ್ಕಲ್ಲ. ಜ್ವರದವರಿಗಾಗಿ ಊರಿನವರು ಆಸ್ಪತ್ರೆ ಕಟ್ಟುತ್ತಿದ್ದಾರೆ, ಅದಕ್ಕೆ ಪೆಲ್‌ನ ಹೆಸರಿಡುತ್ತಾರೆ, ಅವನೇ ಅಧ್ಯಕ್ಷನಾಗಬೇಕು ಎಂದು ಕೇಳುವುದಕ್ಕೆ. ಪೆಲ್ ಒಪ್ಪುತ್ತಾನೆ. ಆ ಸಂತೋಷಕ್ಕೆ ಔತಣ. ಎಲ್ಲರ ಗ್ಲಾಸಿಗೂ ಐಸು ಹಾಕುತ್ತ ಆಳು ಅವನ ಬಳಿ ಬಂದಾಗ ಪೆಲ್ ಮೆಲ್ಲಗೆ ಹೇಳುತ್ತಾನೆ: ‘ನನಗೆ ಮಾತ್ರ ಆ ಇನ್ನೊಂದು ಕೆರೆಯ ಐಸು ಹಾಕು.’ ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ‘ಅವನಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಲೇಖಕರು ಬೈದಿರುವುದು ಅವನೊಬ್ಬನನ್ನೇ ಅಲ್ಲ, ಹಾರ ಹಾಕಿದವರನ್ನೂ,’ ಎಂದು ಬರೆದಿತ್ತು. ತಲೆಬರಹದ ಕೆಳಗೆ ಒಂದು ಗೆರೆ, ಎರಡು ತುದಿಗೂ ಚುಕ್ಕೆ.

ನನಗೆ ಏನೂ ಅರ್ಥವಾಗಲಿಲ್ಲ. ಅಥವಾ ತುಂಬಾ ಅರ್ಥವಾಗಿ ತಲೆ ಕೆಟ್ಟಿತು. ಈ ಹುಡುಗಿ ಓದಿ ಬರೆದಳೇ, ಹೊಸೆದು ಬರೆದಳೇ? ನಾನು ಹೊಸೆದವನು, ಹಾಗಾಗಿ ಅವಳ ಮೇಲೂ ಅದೇ ಅನುಮಾನ. ಅಂಕ ಹಾಕದೆ ಪೇಪರನ್ನು ಕಟ್ಟಿನ ಕೆಳಗೆ ಸೇರಿಸಿದೆ. ಸಂಜೆ ಬಸ್ಸು ಹಿಡಿದು ಬಸವೇಶ್ವರನಗರಕ್ಕೆ ಹೋದೆ.

ಶಂಭುಲಿಂಗಪ್ಪನವರು ರಿಟೈರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ನಾನು ಹೆಸರು ಹೇಳಿದ್ದೇ ತಡ, ಎದ್ದು ತಂದರು.

“ಇದನ್ನ ಒಬ್ಳೇ ಹುಡ್ಗಿ ಸಾರ್ ಓದಿರೋದು. ಮೂರು ಸಲ ತಗೊಂಡೋದ್ಲು.”

ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮೂರು ಸಲವೂ ಒಂದೇ ಹೆಸರಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು ಇನ್ನೂರ ಎಂಬತ್ತೊಂಬತ್ತರಿಂದ ಓದಿದೆ. ಹನ್ನೊಂದು ಪುಟ, ಅಷ್ಟೇ. ಅವಳು ಬರೆದ ಒಂದೊಂದು ಮಾತೂ ನಿಜ.

ಓದಿ ಮುಗಿಸಿದ ಮೇಲೆ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇದೆಂಥ ಕೊನೆ? ಕೆಟ್ಟವನಿಗೆ ಒಂದು ಏಟೂ ಇಲ್ಲ. ನನ್ನ ಸುಳ್ಳು ಕೊನೆಯಾದರೂ ಓದಿದವರಿಗೆ ಒಳ್ಳೆಯದನ್ನು ಹೇಳುತ್ತಿತ್ತು. ಹಾಗಾದರೆ ಸಾವಿರಾರು ಮಕ್ಕಳಿಗೆ ನಾನು ಸುಳ್ಳು ಹೇಳಿ ನೀತಿ ಕಲಿಸಿದೆನೇ, ಅಥವಾ ನೀತಿ ಹೇಳಿ ಸುಳ್ಳು ಕಲಿಸಿದೆನೇ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಇಳಿದೆ.

ಮರುದಿನ ಬೆಳಿಗ್ಗೆ ಆ ಉತ್ತರಕ್ಕೆ ಹದಿಮೂರು ಹಾಕಿದೆ. ಒಟ್ಟು ನಲವತ್ತೆರಡು. ಮೂವತ್ತೈದಕ್ಕೆ ಪಾಸು. ಮನಸ್ಸು ಹಗುರವಾಯಿತು. ಆದರೆ ಮಧ್ಯಾಹ್ನ ಪಂಚಾಕ್ಷರಿಯವರು ಎಂದಿನಂತೆ ಪ್ರತಿ ಕಟ್ಟಿನಿಂದ ಮೂರು ಪೇಪರು ಎಳೆದು ನೋಡಿದರು. ಅದರಲ್ಲಿ ಇದೂ ಬಂತು.

“ಏನ್ರೀ ಚಕ್ರಪಾಣಿ ಇದು? ಕೊನೆ ಪೂರ್ತಿ ತಪ್ಪು. ಹದಿಮೂರು ಕೊಟ್ಟಿದೀರಿ?”

“ಸಾರ್, ಅದು... ಪುಸ್ತಕದಲ್ಲಿ ಹೀಗೇ ಇದೆ ಸಾರ್. ನಿನ್ನೆ ನೋಡಿದೆ.”

ಅವರು ಕನ್ನಡಕ ತೆಗೆದರು. “ಹಾಗಾದ್ರೆ ಸ್ಕೀಮ್ ತಪ್ಪು ಅಂತೀರಾ? ಇಷ್ಟೂ ಪೇಪರ್ ಮತ್ತೆ ನೋಡ್ಬೇಕು. ನಾಡಿದ್ದು ಕೊನೇ ದಿನ. ಮೇಲಿನವ್ರು ನನ್ನನ್ನ ಕೇಳ್ತಾರೆ, ಎಲ್ಲಿಂದ ತಗೊಂಡ್ರಿ ಅಂತ. ನಾನು ಗೈಡಿಂದ ಅಂತೀನಿ. ಆಗ ಆ ಗೈಡ್ ಯಾವ ಮೇಷ್ಟ್ರು ಬರೆದಿದ್ದು ಅಂತ ಹುಡುಕ್ತಾರೆ. ಹುಡುಕ್ಲಾ?”

ಅವರಿಗೆ ಗೊತ್ತಿತ್ತೇ? ಗೊತ್ತಿದ್ದೇ ಕೇಳಿದರೇ? ಅವರ ಮುಖದಲ್ಲಿ ಏನೂ ಕಾಣಲಿಲ್ಲ. ನನ್ನ ಬಾಯಿಯ ತುದಿಗೆ ಮಾತು ಬಂದಿತ್ತು. ನಾನೇ ಸಾರ್, ಬರೆದವನು ನಾನೇ. ನನ್ನ ಗೈಡಿನ ಪೆಲ್ ಆಗಿದ್ದರೆ ಅಲ್ಲೇ ಅವರ ಕಾಲಿಗೆ ಬೀಳುತ್ತಿದ್ದ.

“ಏಳಾದ್ರೂ ಕೊಡೋಣ ಸಾರ್,” ಎಂದೆ. ಏಳು ಕೊಟ್ಟರೂ ಅವಳು ಪಾಸು.

“ಕೊನೆ ತಪ್ಪಿದ್ರೆ ಮೂರರ ಮೇಲೆ ಹೋಗ್ಬಾರ್ದು ಅಂತ ಸ್ಕೀಮಲ್ಲಿದೆ. ಯಾಕೆ, ನಿಮ್ಗೆ ಗೊತ್ತಿರೋರ ಪೇಪರಾ?”

“ಅಲ್ಲ ಸಾರ್.”

ಹದಿಮೂರನ್ನು ಹೊಡೆದು ಮೂರು ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಒಟ್ಟು ಮೂವತ್ತೆರಡಾಯಿತು. ಕೆಂಪು ಶಾಯಿ ಒಣಗಲೆಂದು ಊದಿದ್ದೂ ನೆನಪಿದೆ. ಪಂಚಾಕ್ಷರಿಯವರು ಬೆನ್ನು ತಟ್ಟಿ, “ನೀವು ಜವಾಬ್ದಾರಿ ಇರೋರು ಕಣ್ರೀ. ಮುಂದಿನ ವರ್ಷ ಪ್ರಶ್ನೆಪತ್ರಿಕೆ ಸಮಿತಿಗೆ ನಿಮ್ಮ ಹೆಸ್ರು ಕೊಡ್ತೀನಿ,” ಎಂದರು. ಥ್ಯಾಂಕ್ಸ್ ಹೇಳಿದೆ.

ಜುಲೈ ಎರಡನೆಯ ವಾರ ಫಲಿತಾಂಶ ಬಂತು. ಮುಂದಿನ ಭಾನುವಾರ ಬೆಳಿಗ್ಗೆ ಬಸವರಾಜೇಶ್ವರಿ ನಮ್ಮ ಮನೆಗೆ ಬಂದಳು. ಕುರ್ಚಿಯ ಅಂಚಿನಲ್ಲಿ ಕೂತಳು. ಕಣ್ಣು ಊದಿತ್ತು, ಆದರೆ ನನ್ನ ಮುಂದೆ ಅಳಲಿಲ್ಲ.

“ಮೂರು ಮಾರ್ಕ್ಸ್‌ನಲ್ಲಿ ಹೋಯ್ತು ಸಾರ್. ಬ್ಯಾಂಕಿನವ್ರನ್ನ ಕೇಳ್ದೆ. ಅಕ್ಟೋಬರ್ ಪರೀಕ್ಷೆ ತನಕ ಕಾಯಕ್ಕಾಗಲ್ಲ ಅಂದ್ರು. ಲಿಸ್ಟಲ್ಲಿ ನನ್ನ ಕೆಳಗಿದ್ದೋರಿಗೆ ಹೋಗತ್ತಂತೆ.”

“ಛೆ,” ಎಂದೆ.

“ಎಲ್ಲಿ ತಪ್ಪು ಮಾಡ್ದೆ ಅಂತ ಗೊತ್ತಾಗ್ತಿಲ್ಲ ಸಾರ್. ಪುಸ್ತಕ ಮೂರು ಸಲ ಓದಿದೀನಿ. ಗೈಡಲ್ಲಿರೋ ಕೊನೆ ಸುಳ್ಳು. ಅದನ್ನ ಬರೆದ ಮುನಿಯಪ್ಪ ಪಾಸಾದ. ಅದಕ್ಕೇ ನಿಮ್ಮನ್ನ ಕೇಳಕ್ ಬಂದೆ. ಅಕ್ಟೋಬರಲ್ಲಿ ಯಾವ ಕೊನೆ ಬರೀಲಿ?”

ಅಷ್ಟರಲ್ಲಿ ಪ್ರಭಾ ಒಳಗಿನಿಂದ ಎರಡು ಗ್ಲಾಸು ನಿಂಬೆ ಷರಬತ್ತು ತಂದಳು. ಐಸಿನ ತುಂಡುಗಳು ಗ್ಲಾಸಿಗೆ ತಾಗಿ ಸದ್ದು ಮಾಡುತ್ತಿದ್ದವು. ಅವಳಿಗೆ ಗೈಡು ಎಂಬ ಮಾತು ಮಾತ್ರ ಕೇಳಿಸಿತ್ತು.

“ಆ ಐಸ್ ವ್ಯಾಪಾರಿ ಗೈಡಾ? ಅಯ್ಯೋ, ಅದನ್ನ ಬರೆದಿದ್ದು ಇವ್ರೇ ಕಣಮ್ಮ! ಹೆಸ್ರು ಹಾಕ್ಕೊಳ್ಳೋ ಹಾಗಿಲ್ಲ, ಅಷ್ಟೇ. ಈ ಫ್ರಿಡ್ಜ್ ಬಂದಿದ್ದೇ ಅದ್ರಿಂದ. ಕುಡಿ, ತಣ್ಣಗಿದೆ.”

ಬಸವರಾಜೇಶ್ವರಿ ನನ್ನನ್ನು ನೋಡಿದಳು. ಆಮೇಲೆ ಗ್ಲಾಸನ್ನು ನೋಡಿದಳು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಅವಳು ಬೈಯಲಿಲ್ಲ, ಮೇಷ್ಟ್ರನ್ನು ಕೇಳುವಂತೆಯೇ ಮತ್ತೆ ಕೇಳಿದಳು.

“ಹಂಗಾದ್ರೆ ನೀವೇ ಹೇಳಿ ಸಾರ್. ಯಾವ್ದು ಬರೀಲಿ?”

ನಿನ್ನ ಪೇಪರು ನನ್ನ ಕೈಯಲ್ಲಿತ್ತು, ಅಂಕ ಹೊಡೆದವನು ನಾನು ಎಂದು ಹೇಳಬೇಕಿತ್ತು. ನಿಜವಾದದ್ದನ್ನೇ ಬರಿ, ನಾನು ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎನ್ನಬೇಕಿತ್ತು. ಆದರೆ ನಿಜ ಬರೆದು ಇವಳು ಮತ್ತೆ ಫೇಲಾದರೆ? ಇದು ಇವಳ ಮೇಲಿನ ಕರುಣೆಯೋ ನನ್ನ ಪುಕ್ಕಲುತನವೋ, ಎಷ್ಟು ಕೆದಕಿದರೂ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

“ಗೈಡಲ್ಲಿರೋದನ್ನೇ ಬರಿಯಮ್ಮ,” ಎಂದೆ.

“ಸರಿ ಸಾರ್.” ಎದ್ದು, ಪ್ರಭಾಳಿಗೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಗ್ಲಾಸನ್ನು ಮುಟ್ಟಿರಲಿಲ್ಲ.

“ಪಾಪ, ಒಂದು ಗುಟುಕೂ ಕುಡೀಲಿಲ್ವಲ್ಲ,” ಎಂದಳು ಪ್ರಭಾ. “ನೀವೂ ಹಾಗೇ ಇಟ್ಕೊಂಡ್ ಕೂತಿದೀರಲ್ಲ. ಕುಡೀರಿ.”

“ನನಗೆ ಐಸ್ ಹಾಕಿದ್ದು ಬೇಡ. ಬೇರೆ ಮಾಡ್ಕೊಡು,” ಎಂದೆ.

ಮಾತು ಹೊರಗೆ ಬಿದ್ದ ಮೇಲೆಯೇ ಅದನ್ನು ಎಲ್ಲಿ ಓದಿದ್ದೆನೆಂದು ನೆನಪಾಯಿತು. ಪ್ರಭಾ ಒಳಗೆ ಹೋಗಿ, ಹೂಜಿಯ ನೀರಿನಲ್ಲಿ ಇನ್ನೊಂದು ಗ್ಲಾಸು ಮಾಡಿ ತಂದುಕೊಟ್ಟಳು. ನಾನು ಕುಡಿದೆ.