ಬಾಕ್ಸಿನ ಮೇಲಿನ ಕಾಲು

ಚಪ್ಪಲಿಯಿಂದ ಶುರು ಮಾಡಬೇಕೋ ಕಾಲಿನಿಂದಲೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಚಪ್ಪಲಿಯಿಂದ ಶುರು ಮಾಡಿದರೆ ಇದೊಂದು ಉದ್ಯಮದ ಯಶೋಗಾಥೆಯಾಗುತ್ತದೆ. ಹಾಗೆ ಬರೆದ ಡ್ರಾಫ್ಟನ್ನು ಓದಿ ನಾನೇ ಆಕಳಿಸಿದೆ. ಕಾಲಿನಿಂದ ಶುರು ಮಾಡೋಣವೆಂದರೆ ಕಥೆಯ ಒಡತಿ ಅಡ್ಡ ಬರುತ್ತಾಳೆ.

"ಮೊದ್ಲು ನಾನು ಒಳ್ಳೆಯವಳು ಅಂತ ಗೊತ್ತಾಗ್ಲಿ. ಆಮೇಲೆ ಬೇಕಾದ್ದು ಬರ್ಕೊಳ್ಳಿ."

ಆಗಲಿ.

೧

ಒಡತಿ ಒಳ್ಳೆಯವಳು. (ವ್ಯಂಗ್ಯವಲ್ಲ, ಓದುಗರೇ.) ದೊಡ್ಡದೊಂದು ಶೂ ಕಂಪನಿಯ ಆಫೀಸಿನಲ್ಲಿದ್ದಳು. ಕೆಳಗಿನ ಹಾಲ್‌ನಲ್ಲಿ ಅಟ್ಟೆ ಅಂಟಿಸುವ ಸೊಲ್ಯೂಷನ್ನಿನ ವಾಸನೆಗೆ ತಲೆಸುತ್ತಿ ಕೂತ ಹೆಂಗಸರನ್ನು ನೋಡಿ ನೋಡಿ, ಒಂದು ದಿನ ಕೆಲಸ ಬಿಟ್ಟಳು. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಮಿಷನ್ ತರುವ ಮೊದಲು ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಬೆನ್ನು ಆನಿಸುವ ಕುರ್ಚಿ ಬಂತು, ಚಿಲಕ ಸರಿಯಾಗಿ ಬೀಳುವ ಶೌಚಾಲಯ ಬಂತು, ತಲೆಸುತ್ತು ಬರಿಸದ ಸೊಲ್ಯೂಷನ್ ಬಂತು. ಅದು ಮೊದಮೊದಲು ಹಿಡಿಯಲೇ ಇಲ್ಲ. ಕೊಂಡವರ ಅಟ್ಟೆ ನಡುರಸ್ತೆಯಲ್ಲಿ ಬಾಯಿಬಿಟ್ಟಿತು, ಬೈಗುಳ ಫೋನಿನಲ್ಲಿ ಬಂತು. ಕೊನೆಗೆ ಸುತ್ತ ಹೊಲಿದೇಬಿಡುವುದೆಂದಾಯಿತು. ಮೊಟ್ಟಮೊದಲು ಕೆಲಸಕ್ಕೆ ಸೇರಿದ್ದ ಹೊಲಿಗೆಯಾಕೆಯೂ ಒಡತಿಯೂ ಎದುರುಬದುರು ಕೂತು ಬೆರಳು ಚುಚ್ಚಿಸಿಕೊಂಡು ಹೊಲಿದರು. ವಯಸ್ಸಿನಲ್ಲಿ ಒಡತಿಯೇ ಚಿಕ್ಕವಳು. ಆದರೂ ಹೊಲಿಗೆಯಾಕೆ ಅವಳನ್ನು ಅಕ್ಕ ಎನ್ನುತ್ತಿದ್ದಳು.

೨

ಚಪ್ಪಲಿ ಚೆನ್ನಾಗಿತ್ತು, ಮಾರಾಟವಾಗಲಿಲ್ಲ. ಜಾಹೀರಾತಿನ ಕೆಲಸದಲ್ಲಿದ್ದ ಒಡತಿಯ ತಮ್ಮ ಬಂದು ನೋಡಿ, ಒಳ್ಳೆಯತನ ಕಣ್ಣಿಗೆ ಕಾಣಬೇಕು, ಅಂಗಡಿಯಲ್ಲಿ ನಿಂತವರಿಗೆ ನಿನ್ನ ಕಿಟಕಿ ಕಾಣುತ್ತದೆಯೇ ಎಂದು ಕೇಳಿದ. ಅವನದೇ ಐಡಿಯಾ: ನೀವು ಒಂದು ಜೊತೆ ಕೊಂಡರೆ ಬಡ ಮಗುವಿಗೊಂದು ಜೊತೆ.

ಹತ್ತಿರದ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತರು. ಒಡತಿಯ ತಮ್ಮ ಕ್ಯಾಮೆರಾದಲ್ಲಿ ಕಣ್ಣಿಟ್ಟು ಮುಖ ಸಿಂಡರಿಸಿದ. ಮುಕ್ಕಾಲು ಮಕ್ಕಳ ಕಾಲಲ್ಲಿ ಚಪ್ಪಲಿಯಿತ್ತು. ಹಳೆಯವು, ಆದರೆ ಇದ್ದವು.

"ಅಕ್ಕ, ಒಂದ್ನಿಮಿಷ ಬಿಚ್ಚಿಸ್ಲಾ? ಫೋಟೊಗಷ್ಟೇ."

ಒಡತಿ ಬಿಸಿಲಿನ ಕಡೆ ನೋಡಿದಳು, ಕಾಯುತ್ತಿದ್ದ ಹೆಡ್‌ಮೇಷ್ಟ್ರ ಕಡೆ ನೋಡಿದಳು. ಬೇಗ ಮುಗಿಸು ಎಂದಳು.

(ಇಲ್ಲಿ ಅವಳು ನನ್ನ ಕೈ ಹಿಡಿದಳು. 'ತಮ್ಮ ಕೇಳದೆಯೇ ಬಿಚ್ಚಿಸಿದ' ಎಂದು ಬರೆಯಬೇಕಂತೆ. ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ. ಅವಳೇ ಪೆನ್ನು ಕಸಿದು ಹೊಡೆದು ಹಾಕಿದಳು.)

ಒಬ್ಬ ಹುಡುಗಿ ತನ್ನ ನೀಲಿ ಚಪ್ಪಲಿ ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತಳು. ಮಣ್ಣಿನ ಮೇಲೆ ಅವಳ ಪಾದಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಒಡತಿಯ ತಮ್ಮ ಆ ಎರಡು ಪಾದಗಳನ್ನಷ್ಟೇ ಕತ್ತರಿಸಿ ಚಪ್ಪಲಿಯ ಬಾಕ್ಸಿನ ಮೇಲೆ ಅಚ್ಚು ಹಾಕಿಸಿದ.

೩

ಬಾಕ್ಸುಗಳು ಬಂದ ದಿನ ಹೊಲಿಗೆಯಾಕೆಯೇ ಮಡಚಲು ಕೂತಳು. ಮೊದಲನೆಯದಕ್ಕೇ ಕೈ ನಿಂತಿತು. ಫೋಟೊದಲ್ಲಿ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹೆತ್ತವಳಿಗೆ ಮುಖ ಬೇಕಿಲ್ಲ.

"ಅಕ್ಕ, ಇದು ನನ್ನ ಮಗಳ ಕಾಲು."

ಮಗಳು ಆ ಶಾಲೆಯವಳೆಂದು ಒಡತಿಗೆ ಗೊತ್ತಿರಲಿಲ್ಲ. ಎದುರುಬದುರು ಕೂತು ಅಷ್ಟೆಲ್ಲ ಹೊಲಿದಿದ್ದರೂ ಕೇಳಿರಲಿಲ್ಲ. ಮಗಳೂ ಮನೆಯಲ್ಲಿ, ಸ್ಕೂಲಲ್ಲಿ ಎಲ್ಲರಿಗೂ ಚಪ್ಪಲಿ ಕೊಟ್ಟರು ಎಂದಷ್ಟೇ ಹೇಳಿದ್ದಳಂತೆ. ತಾನು ಹೊಲಿದದ್ದೇ ತನ್ನ ಮನೆಗೆ ದಾನವಾಗಿ ಬಂದಿತೆಂದು ತಾಯಿಯೂ ಬಾಯಿ ಮುಚ್ಚಿಕೊಂಡಿದ್ದಳು.

"ಅವಳಿಗೆ ಚಪ್ಪಲಿ ಇತ್ತು. ಇಲ್ಲಿ ಉಳಿದ ಚೂರುಪಾರು ಸೇರಿಸಿ ನಾನೇ ಹೊಲಿದು ಕೊಟ್ಟಿದ್ದೆ. ನಿಮ್ಮನ್ನ ಕೇಳಿಯೇ ತಗೊಂಡಿದ್ದೆ."

ಅಷ್ಟು ಹೇಳಿ ಆ ಬಾಕ್ಸನ್ನು ಮಡಚಿ ಮುಗಿಸಿ, ಇನ್ನೊಂದನ್ನು ಎತ್ತಿಕೊಂಡಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಒಡತಿಗೆ. ಭೂಮಿ ಅಂಥ ಉಪಕಾರವನ್ನು ಯಾರಿಗೆ ಮಾಡಿದೆ?

೪

ಒಂದು ಡ್ರಾಫ್ಟಿನಲ್ಲಿ ಒಡತಿ ಬಾಕ್ಸುಗಳನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿ ಸುಡುತ್ತಾಳೆ. ಅದನ್ನು ಓದಿ ಅವಳೇ ಅಡ್ಡಡ್ಡ ತಲೆಯಾಡಿಸಿದಳು. ಸುಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದಳು.

ಅವಳು ಮಾಡಿದ್ದು ಸ್ಟಿಕ್ಕರು. ಕಾಲು ಮುಚ್ಚುವಷ್ಟು ಅಗಲದ, ಹೂವಿನ ಚಿತ್ರದ ಸ್ಟಿಕ್ಕರು. ಗೋದಾಮಿನವರೆಲ್ಲ ಕೆಲಸ ನಿಲ್ಲಿಸಿ ಅಂಟಿಸುತ್ತ ಕೂತರು. ಹೊಲಿಗೆಯಾಕೆಯೂ ಕೂತಳು. ನೀನು ಬೇಡ ಎಂದು ಒಡತಿ ಗೋಗರೆದಳು.

"ಇರ್ಲಿ ಮೇಡಂ, ಎಲ್ರೂ ಮಾಡ್ತಿದಾರಲ್ಲ."

ಮೇಡಂ. (ಇದಕ್ಕೆ ಟಿಪ್ಪಣಿ ಬರೆಯಹೋಗಿ ಬಿಟ್ಟೆ.)

ಸಂಜೆ ಒಡತಿ ಕ್ಷಮೆ ಕೇಳಲು ಅವಳ ಮನೆಗೆ ಹೋದಳು, ಕೈಯಲ್ಲೊಂದು ಹೊಸ ಜೊತೆ ಹಿಡಿದು. (ಬುದ್ಧಿ ನೋಡಿ!) ಬಾಗಿಲು ತೆಗೆದದ್ದು ಮಗಳು. ಹೊರಗೆ ಹೊರಟಿದ್ದಳೇನೋ, ಕಾಲಲ್ಲಿ ಅದೇ ನೀಲಿ ಚಪ್ಪಲಿಯಿತ್ತು. ಒಡತಿಯ ಗುರುತು ಹಿಡಿದಳು. ಹಿಡಿದವಳೇ, ಯಾರೂ ಹೇಳದಿದ್ದರೂ, ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಬೆನ್ನ ಹಿಂದೆ ಹಿಡಿದು ನೆಟ್ಟಗೆ ನಿಂತಳು.

ಒಡತಿ ಕಾಲಿಗೆ ಬುದ್ಧಿ ಹೇಳಿದಳು.

೫

ಈಗ ಮುಕ್ತಾಯ ಬೇಕು. ನನ್ನ ಬಳಿ ಎರಡಿವೆ.

ಊರೂರಲ್ಲೂ ಅಂಗಡಿಗಳಿರುವ ಒಬ್ಬ ವ್ಯಾಪಾರಿ ಗೋದಾಮಿಗೆ ಬರುತ್ತಾನೆ. ಅವನ ಆರ್ಡರ್ ಸಿಕ್ಕರೆ ಇನ್ನೊಂದು ಗೋದಾಮು ಹಿಡಿದು ಅದಕ್ಕೂ ಕಿಟಕಿ ಇಡಿಸಬಹುದು. ಮಾತಾಡುತ್ತ ಮಾತಾಡುತ್ತ ಅವನು ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾನೆ. ಸ್ಟಿಕ್ಕರು ಏಳುತ್ತದೆ.

"ಇದನ್ಯಾಕೆ ಮುಚ್ಚಿದ್ರಿ? ಇದೇ ಅಲ್ವಾ ನಿಮ್ಮ ಕಥೆ?"

ಆಚೆ ಹೊಲಿಗೆ ಮಿಷನ್ನಿನ ಸದ್ದು ನಿಲ್ಲುತ್ತದೆ.

ಮೊದಲ ಮುಕ್ತಾಯದಲ್ಲಿ ಒಡತಿ ನಿಜ ಹೇಳುತ್ತಾಳೆ, ವ್ಯಾಪಾರಿ ಕಣ್ಣೊರೆಸಿಕೊಂಡು ಆರ್ಡರ್ ಕೊಡುತ್ತಾನೆ. (ಅಂಥ ವ್ಯಾಪಾರಿ ಎಲ್ಲಿದ್ದಾನೆಂದು ನೀವೇ ಹೇಳಿ.) ಎರಡನೆಯದರಲ್ಲಿ ಪ್ರಿಂಟಿಂಗ್ ತಪ್ಪು ಎನ್ನುತ್ತಾಳೆ, ಆರ್ಡರ್ ಬರುತ್ತದೆ, ಕಿಟಕಿಗಳು ಬರುತ್ತವೆ, ಹೊಲಿಗೆಯಾಕೆಯ ಸಂಬಳವೂ ಏರುತ್ತದೆ. ನಾನು ಇದನ್ನೋ ಅದನ್ನೋ ಎಂದು ತಡವರಿಸುವಷ್ಟರಲ್ಲಿ ಒಡತಿ ನನ್ನನ್ನು ಕೇಳದೆಯೇ ಬಾಯಿಬಿಟ್ಟಳು.

"ಆ ಮಗೂಗೆ ಚಪ್ಪಲಿ ಇತ್ತು ಸಾರ್. ಫೋಟೊಗೆ ಬಿಚ್ಚಿಸಿದ್ದು. ನಾನೇ ಹೂಂ ಅಂದಿದ್ದು."

ವ್ಯಾಪಾರಿ ಬಾಕ್ಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಫೋನ್ ಮಾಡುವುದಾಗಿ ಹೇಳಿ ಎದ್ದು ಹೋದ. ಮಿಷನ್ನಿನ ಸದ್ದು ಮತ್ತೆ ಶುರುವಾಯಿತು. ಫೋನ್ ಬಂತೇ? ಇಷ್ಟರಿಂದಲೇ ಹೊಲಿಗೆಯಾಕೆ ಮತ್ತೆ ಅಕ್ಕ ಎಂದಳೇ? ನಾನು ಹೇಳುವುದಿಲ್ಲ.

ಹೊಲಿಗೆಯಾಕೆಯನ್ನೇ ಕೇಳಲು ಹೋದೆ. ಕಥೆಯನ್ನು ಇಲ್ಲಿಗೆ ನಿಲ್ಲಿಸಬಹುದೇ ಎಂದೆ. ಅವಳು ದಾರ ಕಡಿದು, ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಓದಿ ವಾಪಸು ಕೊಟ್ಟಳು.

"ಬೆರಳು ಹೆಂಗಿದೆ ಅಂತಾನೂ ಬರ್ದಿದೀರಿ. ನನ್ನ ಮಗಳನ್ನ ಕೇಳಿದ್ರಾ?"

ಶಾಲೆ ಬಿಡುವ ಹೊತ್ತಾಗಿದೆ. ಹಾಳೆಗಳನ್ನು ಹಿಡಿದು ಅವರ ಮನೆಯ ಬಾಗಿಲ ಮುಂದೆ ನಿಂತಿದ್ದೇನೆ. ಅವಳು ಬೇಡವೆಂದರೆ, ನೀವು ಇದನ್ನು ಓದಿಲ್ಲ.