ಬಾಳವ್ವ ಬಿಟ್ಟ ಮೂಲೆ

ನಾನು ಕೌದಿ. ನನ್ನನ್ನು ಯಾವ ಮಗ್ಗವೂ ನೇಯ್ದಿಲ್ಲ, ಯಾವ ಅಂಗಡಿಯವನೂ ಮಡಿಕೆ ಬಿಚ್ಚಿ ತೋರಿಸಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಹರಿದು, ಒಂದರ ಮೇಲೊಂದು ಹಾಸಿ, ಕೈಸೂಜಿಯಲ್ಲಿ ಸಾಲುಸಾಲಾಗಿ ಹೊಲಿದರೆ ನಮ್ಮಂಥವರು ಹುಟ್ಟುತ್ತೇವೆ. ಬೇರೆ ಬಟ್ಟೆಗಳು ಹುಟ್ಟಿದ ಮೇಲೆ ಮುದಿಯಾಗುತ್ತವೆ, ನಾವು ಹುಟ್ಟುವಾಗಲೇ ಮುದುಕರು. ಅದಕ್ಕೇ ನನ್ನ ಮಾತು ಸ್ವಲ್ಪ ಒರಟು. ಸಹಿಸಿಕೊಳ್ಳಬೇಕು.

ನನ್ನನ್ನು ಹೊಲಿದವಳು ಕುಂದಗೋಳ ಕಡೆಯ ಒಂದು ಹಳ್ಳಿಯ ಬಾಳವ್ವ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯುತ್ತಿದ್ದಳು. ಮೇಲುಗಡೆ ಅವಳ ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗು. ಅಂಚಿಗೆ ಮಗಳು ದಾಕ್ಷಾಯಣಿಗೆ ಗಿಡ್ಡವಾಗಿ ಹೋದ ಹಸಿರು ಲಂಗ. ಒಳಗೆ, ಯಾರ ಕಣ್ಣಿಗೂ ಬೀಳದ ಪದರದಲ್ಲಿ, ತೀರಿಹೋದ ಗಂಡನ ಧೋತರ. ಅದನ್ನು ಹಾಸುವ ದಿನ ಬಾಳವ್ವ ಬಾಗಿಲು ಮುಚ್ಚಿಕೊಂಡಿದ್ದಳು. ಅಳಲಿಲ್ಲ. ಧೋತರದ ಸುಕ್ಕು ನೀವಿದಳು, ಸುಕ್ಕು ಹೋದ ಮೇಲೂ ನೀವುತ್ತಲೇ ಕೂತಳು.

ಅವಳ ಮನೆತನದಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವ ಪದ್ಧತಿ ಇರಲಿಲ್ಲ. ಎಲ್ಲ ಹೊಲಿದು ಮುಗಿದ ಮೇಲೆ ಒಂದು ಮೂಲೆಯನ್ನು ಅಂಗೈ ತೂರುವಷ್ಟು ಬಿಡುತ್ತಾರೆ. ಅದರೊಳಗೆ ಒಂದು ಹಿಡಿ ಅಕ್ಕಿ, ಒಂದು ಅರಿಶಿಣದ ಕೊಂಬು, ಒಂದು ಉತ್ತತ್ತಿ ಹಾಕಿ ಮೂಲೆಯನ್ನು ಹೊಲಿದುಬಿಡುತ್ತಾರೆ. ಮದುಮಗಳ ಸೆರಗಿಗೆ ಉಡಿ ತುಂಬುವ ಹಾಗೆಯೇ ಇದೂ ಕೌದಿಯ ಉಡಿ. ಉಡಿ ತುಂಬಿದ ಕೌದಿ ಹೊದ್ದವರ ಮನೆಯಲ್ಲಿ ಕಾಳು ಕಡಿಮೆಯಾಗುವುದಿಲ್ಲ ಅಂತ ನಂಬಿಕೆ. ಆಗುತ್ತದೋ ಇಲ್ಲವೋ, ನನಗೇನು ಗೊತ್ತು? ನನ್ನ ಹೊಟ್ಟೆಗೆ ಬೀಳಲೇ ಇಲ್ಲವಲ್ಲ.

ಹೊಲಿಗೆ ಮುಗಿದ ದಿನ ನೆರೆಮನೆಯ ಸಂಕವ್ವ ಬಂದು ನೋಡಿದಳು. “ಮೂಲಿ ಮುಚ್ಚಿ ಕೈ ತೊಳಕೊ ಬಾಳವ್ವಾ. ಇನ್ಯಾಕ ಬಿಟ್ಟೀ?” ಎಂದಳು.

“ಇದು ದಾಕ್ಷಿ ಮದುವಿ ದಿನ ಮುಚ್ಚೂದು.”

“ಅಲ್ಲೀಮಟ ಹಿಂಗ ಬಾಯಿ ತಕ್ಕೊಂಡಿರಬೇಕೇನು ಇದು?”

ಬಾಳವ್ವ ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡಳು. “ನಾ ಗಂಡನ್ನ ಕಳಕೊಂಡಾಕಿ. ಮಗಳ ಉಡಿ ತುಂಬೂಮುಂದ ನನ್ನ ಯಾರ ಕರೀತಾರ? ಕೌದಿ ಉಡಿ ತುಂಬಿದ್ರ ಯಾರೂ ಏನೂ ಅನ್ನೂದಿಲ್ಲ. ಆಕಿ ಹೊದಿಯೂದನ್ನರ ನಾ ತುಂಬತೀನಿ,” ಎಂದಳು.

ಆ ದಿನದಿಂದ ನಾನು ಬಾಯಿ ತೆರೆದುಕೊಂಡು ದಾಕ್ಷಿಯ ಮದುವೆಗಾಗಿ ಕಾಯುತ್ತ ಕೂತೆ.

ದಾಕ್ಷಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದರೆ ನನ್ನನ್ನೇ ಹೊದ್ದು ಮಲಗುತ್ತಿದ್ದಳು. ಆ ಮೂಲೆಯೊಳಗೆ ಕೈ ತೂರಿಸಿಕೊಂಡರೆ ಮಾತ್ರ ಅವಳಿಗೆ ನಿದ್ದೆ. ಒಮ್ಮೆ ಹುಣಸೆಬೀಜ ಬಚ್ಚಿಟ್ಟಳು. ಬಾಳವ್ವ ಅವನ್ನು ಉದುರಿಸಿ, “ಇದು ನಿನ್ನ ಉಡಿ ಅಕ್ಕಿ ಇಡೂ ಜಾಗಾ, ನಿನ್ನ ಆಟದ ಸಾಮಾನಿಗಲ್ಲ,” ಎಂದು ಗದರಿದಳು. ಮಗು ನನ್ನ ಮೂಲೆಗೆ ಮುತ್ತು ಕೊಟ್ಟು, “ತಡಿ, ನನ್ನ ಮದುವ್ಯಾಗ ಹೊಟ್ಟಿ ತುಂಬ ಉಣ್ಣೀಯಂತ,” ಎಂದಿತು. ನಾನು ನಂಬಿದೆ. ಬಟ್ಟೆಗೆ ಅಷ್ಟೆಲ್ಲ ಬುದ್ಧಿ ಎಲ್ಲಿಂದ ಬರಬೇಕು?

ಮುಂದೆ ದಾಕ್ಷಿ ಧಾರವಾಡದಲ್ಲಿ ಓದಿ, ಅಲ್ಲಿಯೇ ಶಾಲೆಯೊಂದರಲ್ಲಿ ಟೀಚರ್ ಆದಳು. ನಾನು ಬೇವಿನ ಎಲೆಯ ಜೊತೆ ಟ್ರಂಕಿನಲ್ಲಿದ್ದೆ. ಟ್ರಂಕು ತೆರೆದಾಗಲೆಲ್ಲ ಬಾಳವ್ವ ಮೊದಲು ಆ ಮೂಲೆಯನ್ನೇ ಮುಟ್ಟಿ ನೋಡುತ್ತಿದ್ದಳು.

ಕೊನೆಗೂ ಮದುವೆ ಗೊತ್ತಾಯಿತು. ಹುಡುಗ ಓಂಕಾರ, ಹುಬ್ಬಳ್ಳಿಯಲ್ಲಿ ದೊಡ್ಡ ಟೈಲ್ಸ್ ಅಂಗಡಿ ಇಟ್ಟವರ ಮನೆಯವನು. ಕಲ್ಯಾಣ ಮಂಟಪ ಅವರಿಗೆ ಬೇಸರವಾಗಿತ್ತಂತೆ. ಧಾರವಾಡದಾಚೆ ಅವರದೇ ಮಾವಿನ ತೋಟ ಇತ್ತು. ಮೇ ತಿಂಗಳಲ್ಲಿ, ಮಾವಿನ ನೆರಳಿನಲ್ಲಿ, ಹಳ್ಳಿಯ ರೀತಿಯಲ್ಲಿ, ಗಡಿಬಿಡಿಯಿಲ್ಲದ ಆರಾಮದ ಮದುವೆ ಆಗಬೇಕು ಅಂದರು. ಆರಾಮ ಮಾಡಲು ತನ್ಮಯಿ ಅನ್ನುವ ಒಬ್ಬ ಅಲಂಕಾರದವಳನ್ನು ಬೆಂಗಳೂರಿನಿಂದ ಕರೆಸಿದರು. ಆರಾಮಕ್ಕೆ ಎಷ್ಟು ಕೆಲಸ ಇರುತ್ತದೆ ಅನ್ನುವುದನ್ನು ನಾನು ಅಲ್ಲಿಯೇ ಕಂಡದ್ದು.

ಮದುವೆಯ ಹಿಂದಿನ ದಿನ ಬಾಳವ್ವ ನನ್ನನ್ನು ಹಳೆಯ ಪಂಚೆಯಲ್ಲಿ ಕಟ್ಟಿಕೊಂಡು ತೋಟಕ್ಕೆ ಬಂದಳು. ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ಮರದಿಂದ ಮೊರಗಳು ನೇತಾಡುತ್ತಿದ್ದವು. ಬೀಸುವ ಕಲ್ಲಿನ ಬಾಯಿಗೆ ಗುಲಾಬಿ ತುರುಕಿದ್ದರು. ಎಂದೂ ಉರುಳದ ಚಕ್ಕಡಿಗೆ ತಿಳಿಗುಲಾಬಿ ಬಣ್ಣ ಬಳಿದಿದ್ದರು. ಮೇವಿನ ಸಿವುಡುಗಳ ಮೇಲೆ ಬಿಳಿ ಬಟ್ಟೆ ಹಾಸಿ ಅವನ್ನು ಆಸನ ಮಾಡಿದ್ದರು. ಬಾಳವ್ವನ ಜೊತೆ ಬಂದಿದ್ದ ಊರ ಹೆಂಗಸರಿಗೆ ಯಾವುದು ಕೂರುವುದಕ್ಕೆ, ಯಾವುದು ನೋಡುವುದಕ್ಕೆ ಅಂತ ತಿಳಿಯಲಿಲ್ಲ. ಅವರು ನೀರಿನ ಡ್ರಮ್ಮಿನ ಪಕ್ಕ ಬರಿ ನೆಲದ ಮೇಲೆ ಕೂತರು. ಹಳ್ಳಿಯ ಮದುವೆಯಲ್ಲಿ ಹಳ್ಳಿಯವರಿಗೆ ಮಾತ್ರ ಜಾಗ ಗೊತ್ತಾಗಲಿಲ್ಲ ನೋಡಿ.

ಬಾಳವ್ವ ಗಂಟು ಬಿಚ್ಚಿದಾಗ ಓಂಕಾರನ ತಂಗಿ ಮೂಗು ಮುರಿದಳು. “ಇದೇನು, ಇಷ್ಟು ಗಾಢ ಬಣ್ಣ? ಇಲ್ಲಿ ಎಲ್ಲಾ ತಿಳಿ ಬಣ್ಣ ಇಟ್ಟೀವಿ,” ಎಂದಳು. ದಾಕ್ಷಿ ಮುಖ ಕೆಂಪಗೆ ಮಾಡಿಕೊಂಡು, “ಒಳಗ ಇಟ್ಟಬಿಡು ಅವ್ವಾ,” ಎಂದಳು.

ಅಷ್ಟರಲ್ಲಿ ತನ್ಮಯಿ ಓಡಿಬಂದು ನನ್ನನ್ನು ಹರವಿದಳು. “ಅಯ್ಯೋ, ಇದು ಎಷ್ಟು ಚೆನ್ನಾಗಿದೆ ಆಂಟಿ. ನೀವೇ ಹೊಲಿದದ್ದಾ? ಇಡೀ ತೋಟಕ್ಕೆ ಇದೊಂದೇ ಕಡಿಮೆ ಇತ್ತು,” ಎಂದಳು. ಅವಳು ಹೇಳಿದ್ದೇ ತಡ, ಓಂಕಾರನ ತಂಗಿಗೂ ನಾನು ಚೆಂದ ಕಂಡೆ. ದಾಕ್ಷಿಯೂ ನಕ್ಕಳು. ಮಗಳ ಮುಖದಲ್ಲಿ ನಗು ಕಂಡು ಬಾಳವ್ವ ಹಿಗ್ಗಿದಳು. ಪಾಪ, ಆ ನಗು ಯಾರನ್ನು ನೋಡಿ ಬಂತು ಅಂತ ಅವಳು ಗಮನಿಸಲಿಲ್ಲ.

ಮದುವೆಯ ಬೆಳಿಗ್ಗೆ ತನ್ಮಯಿ ನನ್ನನ್ನು ಮಾವಿನ ಮರದ ಕೆಳಗಿನ ಹಗ್ಗದ ಹೊರಸಿನ ಮೇಲೆ ಹಾಸಿದಳು. ಹಾಸುವಾಗ ಆ ಮೂಲೆ ಅವಳ ಕೈಗೆ ಸಿಕ್ಕಿತು. “ಹರಿದಿದೆ. ಆಂಟಿಗೆ ಕಣ್ಣು ಸರಿಯಾಗಿ ಕಾಣಿಸ್ತಿಲ್ಲ ಅನ್ಸುತ್ತೆ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಹೂಮಾಲೆ ಅಂಟಿಸುತ್ತಿದ್ದ ಬಿಸಿ ಅಂಟಿನ ಗನ್ನು ಪಕ್ಕದಲ್ಲೇ ಇತ್ತು. ಮೂಲೆಯ ಎರಡೂ ತುಟಿ ಸೇರಿಸಿ, ಉದ್ದಕ್ಕೂ ಅಂಟು ಸುರಿದು, ಬೆರಳಿನಿಂದ ಒತ್ತಿ ಹಿಡಿದಳು. ಅವಳ ಬೆರಳು ಸುಟ್ಟಿತು, ಬಾಯಿಂದ ಊದಿಕೊಂಡಳು. ಆ ಹುಡುಗಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವಳು ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಳು. ಆದರೆ ಇಷ್ಟು ವರ್ಷ ಕಾದ ನನ್ನ ಬಾಯಿ ಖಾಲಿ ಹೊಟ್ಟೆಯ ಮೇಲೆಯೇ ಮುಚ್ಚಿಹೋಯಿತು.

ಅಕ್ಕಿಕಾಳಿಗೆ, ಅಂದರೆ ಮದುಮಕ್ಕಳ ಮೇಲೆ ಅಕ್ಷತೆ ಹಾಕುವುದಕ್ಕೆ, ಮುಂಚೆ ಮದುಮಗಳ ಉಡಿ ತುಂಬುವ ಶಾಸ್ತ್ರ. ಓಂಕಾರನ ತಾಯಿ ಹೆಸರು ಹಿಡಿದು ಮುತ್ತೈದೆಯರನ್ನು ಕರೆದಳು. ಬಾಳವ್ವ ಯಾರೂ ಹೇಳುವ ಮೊದಲೇ ಹಿಂದೆ ಸರಿದಳು. ಯಾರೂ ನೋಡುತ್ತಿಲ್ಲ ಅಂತ ಖಚಿತ ಮಾಡಿಕೊಂಡು ನನ್ನ ಹೊರಸಿನ ಕಡೆಗೆ ಬಂದಳು. ಆ ಕಡೆ ಮಗಳ ಸೆರಗಿಗೆ ಅಕ್ಕಿ ಬೀಳುವ ಹೊತ್ತಿಗೇ ಈ ಕಡೆ ನನ್ನೊಳಗೂ ಬೀಳಬೇಕು ಅನ್ನುವುದು ಅವಳ ಲೆಕ್ಕ. ಮಂಡಿಯೂರಿ ಕೂತಳು. ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡಳು. ಇನ್ನೊಂದು ಕೈಯ ಬೆರಳಿನಿಂದ ಮೂಲೆ ಹುಡುಕಿದಳು. ಬೆರಳು ಒಳಗೆ ಹೋಗಲಿಲ್ಲ.

ತಾನು ಮೂಲೆ ತಪ್ಪಿದೆ ಅಂದುಕೊಂಡು ನಾಲ್ಕೂ ಮೂಲೆ ಮುಟ್ಟಿದಳು. ಮತ್ತೆ ಅದೇ ಮೂಲೆಗೆ ಬಂದು ಉಗುರು ಹಾಕಿ ಎಳೆದಳು. ಅಂಟು ಗಟ್ಟಿಯಾಗಿತ್ತು. ಅಷ್ಟರಲ್ಲಿ ಆ ಕಡೆ ಸೋಬಾನೆ ಪದ ಶುರುವಾಯಿತು.

ತನ್ಮಯಿ ಹತ್ತಿರ ಬಂದು, “ಅದು ಹರಿದಿತ್ತು ಆಂಟಿ. ನಾನೇ ಅಂಟಿಸಿದೆ. ಇನ್ನು ಬಿಡಲ್ಲ,” ಎಂದಳು.

“ಹರಿದಿರಲಿಲ್ಲ ಯವ್ವಾ. ನಾನ ಬಿಟ್ಟಿದ್ದೆ.”

“ಹೌದಾ? ಯಾಕೆ?”

ಬಾಳವ್ವ ಬಾಯಿ ತೆರೆದಳು. ಹೇಳಬೇಕಾದರೆ ತಾನು ಅಲ್ಲಿ ಯಾಕಿಲ್ಲ, ಇಲ್ಲಿ ಯಾಕಿದ್ದೇನೆ ಅನ್ನುವುದರಿಂದ ಶುರುಮಾಡಬೇಕು. ಮಗಳ ಮದುವೆಯ ದಿನ ಆ ಮಾತು ಅವಳ ಬಾಯಿಂದ ಬರಲಿಲ್ಲ. “ಏನಿಲ್ಲ ಬಿಡವಾ,” ಎಂದಳು.

“ಕತ್ರಿ ಕೊಡ್ಲಾ ಆಂಟಿ? ಕತ್ತರಿಸಿಬಿಡೋಣ.”

“ಇವತ್ತ ಬ್ಯಾಡ. ಮದುವಿ ದಿನ ಅರಿವಿಗೆ ಕತ್ರಿ ಹಚ್ಚಬಾರದು.”

ಅಕ್ಕಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಒಂದೆರಡು ಕಾಳು ನನ್ನ ಮೇಲೆ ಬಿದ್ದಿದ್ದವು. ಅವನ್ನೂ ಹೆಕ್ಕಿ ತೆಗೆದುಕೊಂಡಳು.

ಬಿಸಿಲು ಇಳಿದ ಮೇಲೆ ಮದುಮಕ್ಕಳನ್ನು ನನ್ನ ಮೇಲೆ ಕೂರಿಸಿ ಫೋಟೋ ತೆಗೆದರು. ಬಾಳವ್ವ ಸೆರಗಿನ ಗಂಟಿನ ಅಕ್ಕಿಯನ್ನು ಒಂದು ಕುಪ್ಪಸದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಮಗಳ ಪಕ್ಕ ಬಗ್ಗಿದಳು. “ದಾಕ್ಷಿ, ಮೂಲಿ ಅಂಟಿಸಿಬಿಟ್ಟಾರ. ನಾಳೆ ನೀನ ಮೂಲಿ ಬಿಡಿಸಿ ಈ ಅಕ್ಕಿ ತುಂಬಿ ಹೊಲಕೋ. ಕೈ ನಿಂದಾದ್ರೂ ಅಕ್ಕಿ ನಂದ ಐತಲ್ಲ, ಅಷ್ಟ ಸಾಕು ನನಗ,” ಎಂದಳು.

ಫೋಟೋದವನು, “ಅಮ್ಮಾರ, ಸ್ವಲ್ಪ ಆಕಡೆ ಸರೀರಿ, ಫ್ರೇಮಿನಾಗ ಬರಾಕತ್ತೀರಿ,” ಎಂದ.

ದಾಕ್ಷಿಯ ಕಾಲಬೆರಳು ನನ್ನ ಮೂಲೆಯನ್ನು ಮುಟ್ಟಿತು. ಅಂಟಿದ ಜಾಗವನ್ನು ಒಮ್ಮೆ ಸವರಿತು. ಅವಳಿಗೆ ಎಲ್ಲ ನೆನಪಾಯಿತು ಅನ್ನುವುದು ನನಗೆ ಆ ಬೆರಳಿನಿಂದಲೇ ತಿಳಿಯಿತು. ಗಂಟನ್ನು ಇಸಿದುಕೊಂಡು ಪರ್ಸಿಗೆ ಹಾಕಿಕೊಂಡಳು. “ಹೂಂ ಅವ್ವಾ, ತುಂಬತೀನಿ. ಈಗ ಆಕಡೆ ಸರಿ,” ಎಂದಳು.

ಹೊರಡುವ ಹೊತ್ತಾಯಿತು. ಬಾಳವ್ವ ಕಾರಿನ ಕಿಟಕಿ ಹಿಡಿದು ನಿಂತಿದ್ದಳು. “ಕೌದಿ ಇಟ್ಟಿಯಾ?” ಎಂದು ಕೇಳಿದ್ದು ನನಗೆ ಹೊರಸಿನವರೆಗೂ ಕೇಳಿಸಿತು.

“ಇಟ್ಟೀನಿ ಅವ್ವಾ. ಹಿಂದ ಡಿಕ್ಕಿಯೊಳಗ ಐತಿ,” ಎಂದಳು ದಾಕ್ಷಿ.

ನಾನು ಮಾವಿನ ಮರದ ಕೆಳಗೇ ಇದ್ದೆ. ಸ್ವಲ್ಪ ಮುಂಚೆ ದಾಕ್ಷಿ ತನ್ಮಯಿಯನ್ನು ಮರೆಗೆ ಕರೆದು ಹೇಳಿದ್ದಳು: “ಅದನ್ನ ನೀವೇ ಇಟ್ಕೊಳ್ರಿ. ನಿಮ್ಮ ಕೆಲಸಕ್ಕ ಬರ್ತೈತಿ. ಆ ಮನಿಗೆ ಅದು ಹೊಂದೂದಿಲ್ಲ. ಅವ್ವಗ ಮಾತ್ರ ಹೇಳಬ್ಯಾಡ್ರಿ.” ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಇದ್ದರೆ ಇರಲಿ. ಕಣ್ಣೀರಿನಿಂದ ನನ್ನ ಹೊಟ್ಟೆ ತುಂಬಲಿಲ್ಲ.

ಕಾರು ಹೋಯಿತು. ಬಾಳವ್ವ ಧೂಳು ಇಳಿಯುವವರೆಗೂ ಕೈಯೆತ್ತಿ ನಿಂತಿದ್ದಳು. ಆಮೇಲೆ ಊರವರ ಟೆಂಪೋ ಹತ್ತಿದಳು. ತನ್ನ ಕೌದಿ ಮಗಳ ಜೊತೆ ಹೋಯಿತು ಅನ್ನುವ ನಂಬಿಕೆಯಿಂದ ಅವಳು ನಗುತ್ತಿದ್ದಳು. ಅವಳ ಟೆಂಪೋ ನನ್ನ ಹೊರಸಿನ ಪಕ್ಕದಲ್ಲೇ ಹಾದುಹೋಯಿತು. ಅವಳು ಮುಂದೆ ನೋಡುತ್ತಿದ್ದಳು.

ಅಂದಿನಿಂದ ನಾನು ತನ್ಮಯಿಯ ಸಾಮಾನು. ಎಷ್ಟೋ ತೋಟದ ಮದುವೆಗಳಿಗೆ ಹೋಗಿಬಂದೆ. ನನ್ನ ಮೇಲೆ ಮಜ್ಜಿಗೆ ಚೆಲ್ಲಿದರು, ಬೂಟು ಹಾಕಿಕೊಂಡು ಹತ್ತಿದರು, ನಾಯಿಮರಿ ಕೂರಿಸಿ ಫೋಟೋ ತೆಗೆದರು. ಎಲ್ಲರೂ ‘ನಮ್ಮ ಸಂಸ್ಕೃತಿ’ ಎಂದು ನನ್ನನ್ನು ಸವರಿ ಮುಂದೆ ಹೋದರು. ಒಂದು ಮದುವೆಯಲ್ಲಿ ಮಾತ್ರ ನಮ್ಮ ಕಡೆಯ ಒಬ್ಬ ಮುದುಕಿ ಕೂರಲು ಬಂದವಳು ಮೂಲೆ ಹಿಸುಕಿ ನೋಡಿದಳು. “ಇದರ ಉಡಿ ಖಾಲಿ ಐತಿ,” ಎಂದು ಕೈ ಹಿಂದೆಗೆದುಕೊಂಡು ಬೇರೆ ಕಡೆ ಹೋಗಿ ಕೂತಳು. ನಾಚಿಕೆಯಿಂದ ಸತ್ತೆ.

ಈಗ ನನ್ನ ಬಣ್ಣ ಹೋಗಿದೆ, ದಾರ ಸವೆದಿದೆ. ತನ್ಮಯಿಯ ಗೋದಾಮಿನಲ್ಲಿ ಚಪ್ಪರದ ಕಬ್ಬಿಣದ ಸರಳುಗಳು ಒಂದಕ್ಕೊಂದು ಉಜ್ಜದಂತೆ ನಡುವೆ ತುರುಕಿ ಇಟ್ಟಿದ್ದಾರೆ. ಒಳಪದರದ ಧೋತರಕ್ಕೆ ಸರಳಿನ ತುಕ್ಕು ಹತ್ತಿದೆ. ಕೆಲಸವಿಲ್ಲದೆ ಬಿದ್ದಿರುವಾಗ ಬಾಳವ್ವ ನೆನಪಾಗುತ್ತಾಳೆ. “ತುಂಬಿದಿಯೇನು?” ಎಂದು ಅವಳು ಮಗಳನ್ನು ಕೇಳಿರುತ್ತಾಳೆ. “ತುಂಬೀನಿ ಅವ್ವಾ,” ಎಂದು ಮಗಳು ಹೇಳಿರುತ್ತಾಳೆ. ತಾನು ಕೊಟ್ಟ ಅಕ್ಕಿ ನನ್ನೊಳಗಿದೆ, ಮಗಳು ನನ್ನನ್ನು ಹೊದ್ದು ಬೆಚ್ಚಗಿದ್ದಾಳೆ ಅಂದುಕೊಂಡೇ ಆ ತಾಯಿ ಬದುಕುತ್ತಿರಬೇಕು. ಅವಳಿಗೆ ನಿಜ ತಿಳಿಯಬೇಕೋ ಬೇಡವೋ, ಇಷ್ಟು ದಿನ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಮೊನ್ನೆ ಒಂದು ಇಲಿ ಬಂತು. ಮೂಲೆಯ ಅಂಟನ್ನು ಕಡಿಯತೊಡಗಿತು. ಬಾಳವ್ವನ ಉಗುರಿನಿಂದ ಆಗದ್ದು ಅದರ ಹಲ್ಲಿನಿಂದ ಆಯಿತು, ಬಾಯಿ ತೆರೆಯಿತು. ಇಲಿ ತಲೆ ಒಳಗೆ ಹಾಕಿ ಅತ್ತ ಮೂಸಿತು, ಇತ್ತ ಮೂಸಿತು. ಒಂದು ಕಾಳೂ ಸಿಗಲಿಲ್ಲ. ಹೊರಗೆ ಬಂದು ಮೀಸೆ ಒರೆಸಿಕೊಂಡು ಹೊರಟುಹೋಯಿತು.

ಮೂಲೆ ಈಗ ಬಾಳವ್ವ ಬಿಟ್ಟಿದ್ದಂತೆಯೇ ತೆರೆದಿದೆ, ಅಂಗೈ ತೂರುವಷ್ಟು.