ಬಾಯಿ ನೋಡಿ ಬರೆದದ್ದು

ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ದಂಡೆಯಲ್ಲಿ ನಮ್ಮ ಪ್ರಯೋಗಾಲಯ. ಆ ಬೆಳಿಗ್ಗೆ ಬಲೆಯವರು ತಂದ ಹನ್ನೊಂದು ಮೀನುಗಳೂ ಕೆಳಬಾಯಿಯವು. ಮೂತಿಯ ಅಡಿಯಲ್ಲಿ ಬಾಯಿ, ಅದರ ಪಕ್ಕ ಎರಡು ಜೊತೆ ಮೀಸೆ. ತಳದ ಕೆಸರನ್ನು ತಡವಿ ಹುಳು, ಶಂಖ ಹೆಕ್ಕುವುದಕ್ಕೆಂದೇ ಆದ ಮುಖ.

"ಎಲ್ಲಿ ಸಿಕ್ಕವು?" ಎಂದು ಬಲೆಯ ಮುದುಕನನ್ನು ಕೇಳಿದೆ.

"ಮೇಲಿನ ಬಲೆಯಲ್ಲೇ ಕಣಮ್ಮ. ತಳದ ಬಲೆ ಖಾಲಿ. ಕೆಳಮನೆಯವರೆಲ್ಲ ಅಟ್ಟ ಹತ್ತಿ ಕೂತಿದಾರೆ," ಎಂದು ನಕ್ಕು ಮುದುಕ ಬುಟ್ಟಿ ಇಳಿಸಿ ಹೋದ.

ಅದಕ್ಕೇ ಒಂದನ್ನು ಸೀಳಿದೆ. ಹೊಟ್ಟೆಯಲ್ಲಿ ಕೆಸರಿರಲಿಲ್ಲ. ನೊಣದ ರೆಕ್ಕೆ, ಇರುವೆ, ನೀರಿನ ಮೇಲೆ ಬಿದ್ದು ತೇಲುವ ಪುಟ್ಟ ಜೀರುಂಡೆಗಳು. ಶಂಖ ಅರೆಯುವ ಗಂಟಲ ಹಲ್ಲುಗಳ ನಡುವೆ ಒಂದು ಚೂರು ಚಿಪ್ಪೂ ಇಲ್ಲ. ಎರಡನೆಯದೂ ಹಾಗೆಯೇ. ಮೂರನೆಯದೂ.

ಬಾಯಿ ಕೆಳಕ್ಕೆ, ಊಟ ಮೇಲಿನದು. ತಳದಲ್ಲಿ ಉಸಿರಾಡಲು ಆಗದೆ ಅವು ಮೇಲೆ ಬಂದಿದ್ದವು. ಉಸಿರಿಲ್ಲದ ಕೆಸರು ವಿಷಗಾಳಿ ಬಿಡುತ್ತದೆ. ಆ ತಳದ ನೀರು ಹೋಗಿ ಸೇರುವುದು ನೀರೆತ್ತುವ ಗೋಪುರದ ಒಳಬಾವಿಗೆ.

ಹನ್ನೊಂದು ಗಂಟೆಗೆ ಜಾಲರಿ ತೊಳೆಯಲು ಆ ಬಾವಿಗೆ ಇಳಿಯುವವನು ನನ್ನ ಮೈದುನ. ನಾಲ್ಕು ತಿಂಗಳ ಹಿಂದೆ ಇಳಿದವರು ನನ್ನ ಗಂಡ. ಜೀವಂತ ಮೇಲೆ ಬರಲಿಲ್ಲ. ಕಾಲು ಜಾರಿತು ಎಂದರು. ಅವರ ಕೆಲಸವನ್ನೇ ತಮ್ಮನಿಗೆ ಕೊಟ್ಟರು.

ಆಗ ಹತ್ತೂ ಇಪ್ಪತ್ತು. ಗೋಪುರದ ಎಂಜಿನಿಯರಿಗೆ ಫೋನ್ ಮಾಡಿ, ತಳದ ಮೀನು ಮೇಲೆ ಬಂದು ಕೀಟ ತಿಂದಿವೆ, ಯಾರನ್ನೂ ಬಾವಿಗೆ ಇಳಿಸಬೇಡಿ ಎಂದೆ.

"ವರದಿ ಸರಿಯಾಗೇ ಇದೆಯಲ್ಲಮ್ಮ. ನಿಮ್ಮದೇ ರುಜು."

"ಅದು ಹೋದ ವಾರದ್ದು."

"ಒಂದು ವಾರದಲ್ಲಿ ಮೀನು ಕಸುಬು ಬದಲಾಯಿಸುತ್ತಾ?" ಎಂದು ಫೋನ್ ಇಟ್ಟುಬಿಟ್ಟರು.

ನಮ್ಮ ವರದಿಯಲ್ಲಿ 'ಆಹಾರ' ಎಂಬ ಅಂಕಣವಿದೆ. ತಳದ ಮೀನು ಕೆಸರು ತಿಂದಿದೆ ಎಂದಿದ್ದರೆ ತಳ ಕ್ಷೇಮ ಎಂದುಕೊಂಡು ಬಾವಿಯ ಮುಚ್ಚಳ ತೆಗೆಯುತ್ತಾರೆ. ಅದನ್ನು ಹೊಟ್ಟೆ ಸೀಳಿ ತುಂಬಬೇಕು. ಯಾರೂ ಸೀಳುವುದಿಲ್ಲ. ಮೇಲ್ಬಾಯಿಯಾದರೆ ಕೀಟ, ಕಿವಿರಿನಲ್ಲಿ ಬಾಚಣಿಗೆಯಂಥ ಒತ್ತಾದ ಹಲ್ಲುಗಳಿದ್ದರೆ ತೇಲುವ ಪಾಚಿ, ಕೆಳಬಾಯಿಯಾದರೆ ಕೆಸರು ಎಂದು ಬರೆದುಬಿಡುತ್ತೇವೆ. ವಿಶ್ವವಿದ್ಯಾಲಯದಲ್ಲಿ ಇದರಲ್ಲೇ ನನಗೆ ಮೊದಲ ಸ್ಥಾನ. ಹೋದ ವಾರ ಬಾಯಿ ನೋಡಿ ಬರೆದೆ. ನಾಲ್ಕು ತಿಂಗಳ ಹಿಂದೆಯೂ.

ಸೀಳಿದ ಮೀನುಗಳ ತಟ್ಟೆಯನ್ನು ಎತ್ತಿಕೊಂಡು ಗೋಪುರಕ್ಕೆ ನಡೆದೆ.

ಮುಚ್ಚಳ ತೆರೆದಿತ್ತು. ಮೈದುನ ಸೊಂಟದ ಪಟ್ಟಿ ಬಿಗಿಯುತ್ತಿದ್ದ.

"ಏನತ್ತಿಗೆ, ಊಟಕ್ಕೆ ಮೀನು ಇಲ್ಲಿಗೇ ತಂದ್ರಾ?"

"ಇಳೀಬೇಡ."

"ಅಣ್ಣನ ನೆನಪಾಯ್ತಾ? ಅವನಿಗೆ ಎಲ್ಲದರಲ್ಲೂ ಅವಸರ. ನಾನು ನೋಡಿ ಕಾಲಿಡ್ತೀನಿ."

ಬಾವಿಯ ಬಾಯಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ನನ್ನ ಮೂಗಿಗೆ ಏನೂ ತಿಳಿಯದಾಯಿತು. ಆ ವಿಷಗಾಳಿ ಹೆಚ್ಚಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ; ಅದು ಇನ್ನೂ ಕೆಟ್ಟದ್ದು.

"ಕೆಸರು ಅಂದಮೇಲೆ ನಾರದೆ ಇರುತ್ತಾ," ಅಂದರು ವರದಿಯ ಹಾಳೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಎಂಜಿನಿಯರ್. ಹೊಟ್ಟೆ ಸೀಳಿದ ಮೀನುಗಳನ್ನು ತೋರಿಸಿದೆ. ಅವರು ನೋಡಿದ್ದು ನನ್ನ ಮುಖವನ್ನು. "ಪಾಪ, ಹೆದರಿದಾರೆ. ಯಾರಾದ್ರೂ ಮನೆಗೆ ಬಿಟ್ಟು ಬನ್ನಿ."

ಮೈದುನ ಏಣಿಯ ಮೇಲೆ ಒಂದು ಕಾಲಿಟ್ಟ. ಎರಡನೆಯದನ್ನೂ ಇಟ್ಟ.

"ನಿಮ್ಮಣ್ಣನ ಕಾಲು ಜಾರಿದ್ದಲ್ಲ," ಅಂದೆ. "ಆ ವಾರದ ವರದಿ ನಾನು ಮೀನು ಸೀಳದೆ ಬರೆದೆ. ಈಗ ಎಂಜಿನಿಯರ್ ಕೈಲಿರೋದೂ ಹಾಗೇ ಬರೆದದ್ದು."

ಅಷ್ಟರಲ್ಲಿ ಅವನು ಎದೆಯವರೆಗೆ ಬಾವಿಯೊಳಗಿದ್ದ. ಎಂಜಿನಿಯರ್ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಯಾವಾಗಿಂದ ಗೊತ್ತು ನಿಮಗೆ?" ಎಂದ ಮೈದುನ.

"ಇವತ್ತು ಬೆಳಿಗ್ಗೆಯಿಂದ."

ಅವನು ನನ್ನನ್ನೇ ನೋಡಿದ. ನಾನು ಅಳುತ್ತೇನೆಂದು ಕಾದನೋ ಏನೋ. ಅಳು ಬರಲಿಲ್ಲ.

ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದ. ಪಟ್ಟಿ ಬಿಚ್ಚಿದ. ಕೊಕ್ಕೆ ಸಿಮೆಂಟಿನ ಮೇಲೆ ಸದ್ದು ಮಾಡಿತು. ಮುಚ್ಚಳವನ್ನು ತಾನೇ ಎಳೆದು ಮುಚ್ಚಿದ.

"ಮುಂದೆ ನಡೀರಿ," ಎಂದ. "ಅಮ್ಮನಿಗೆ ನೀವೇ ಹೇಳ್ಬೇಕು."

ಮನೆಯವರೆಗೂ ಅವನ ಹೆಜ್ಜೆ ನನ್ನ ಬೆನ್ನ ಹಿಂದೆಯೇ ಇತ್ತು. ಅತ್ತಿಗೆ ಎಂದು ಒಮ್ಮೆಯೂ ಕರೆಯಲಿಲ್ಲ.